ಹಲ್ಲಿನ ಹೊದಿಕೆ

ಸಂಸ್ಕೃತದಲ್ಲಿ ದ್ವಿಜವೆಂಬ ಶಬ್ದವು ಹಕ್ಕಿಗೆ ಸಲ್ಲುವಂತೆ ಹಲ್ಲಿಗೂ ಸಲ್ಲುತ್ತದೆ. ಹಾಲುಹಲ್ಲು ಬಿದ್ದು ಮತ್ತೊಮ್ಮೆ ಹುಟ್ಟುವುದರಿಂದ ಅದಕ್ಕೆ ಆ ಹೆಸರು. ಈಗ ದಂತವೈದ್ಯರು ಅದಕ್ಕೆ ಮೂರನೆಯದೊಂದು ಜನ್ಮವನ್ನು ಕೊಡುತ್ತಿದ್ದಾರೆ. ಹಲ್ಲಿನ ಮುಂಭಾಗವನ್ನು ತುಸು ತೇಯ್ದು, ಅರ್ಧ ಮಿಲಿಮೀಟರಿನ ಆಸುಪಾಸು ದಪ್ಪವಿರುವ ಪಿಂಗಾಣಿಯ ಪದರವನ್ನು ಅದರ ಮೇಲೆ ಅಂಟಿಸುತ್ತಾರೆ. ವೆನೀರ್ ಎಂದು ಅದಕ್ಕೆ ಹೆಸರು. ತಡಸದಂಥ ಊರಿಗೂ ಇದು ದೂರದ ಮಾತಲ್ಲ. ಹುಬ್ಬಳ್ಳಿ ಧಾರವಾಡಗಳ ನಡುವೆ ಸತ್ತೂರಿನಲ್ಲಿ 1986ರಿಂದ ದಂತವೈದ್ಯಕೀಯ ಮಹಾವಿದ್ಯಾಲಯವೇ ಇದೆ. ಹೀಗಿರಲು ಮನೆಯ ಹಿರಿಯರಿಗೆ ಒಂದು ಸಂದೇಹ ಬರುವುದು ಸಹಜವು: ಇದ್ದ ಹಲ್ಲನ್ನು ಮರೆಮಾಡಿ ಇಲ್ಲದ್ದನ್ನು ತೋರಿಸುವುದು ಸುಳ್ಳಲ್ಲವೇ?

ಸಂದೇಹವು ನಿರಾಧಾರವಲ್ಲ. ಈ ವಿದ್ಯೆ ಹುಟ್ಟಿದ್ದೇ ವೇಷಕ್ಕಾಗಿ. 1928ರ ಸುಮಾರಿಗೆ ಚಾರ್ಲ್ಸ್ ಪಿಂಕಸ್ ಎಂಬ ದಂತವೈದ್ಯನು ಹಾಲಿವುಡ್ಡಿನ ನಟರಿಗೆ ಇಂಥ ಹೊದಿಕೆಗಳನ್ನು ಮಾಡಿಕೊಟ್ಟನು. ದೊಡ್ಡಾಟದವರು ಬೆಳಗಾಗುತ್ತಲೇ ಬಣ್ಣ ತೊಳೆಯುವಂತೆ ಅವರೂ ಚಿತ್ರೀಕರಣ ಮುಗಿದೊಡನೆ ಅವನ್ನು ತೆಗೆದಿಡುತ್ತಿದ್ದರು. ಹಲ್ಲಿನ ಹೊರಕವಚವಾದ ಎನಾಮೆಲಿಗೆ ಆಮ್ಲ ಸವರಿದರೆ ಅಂಟು ಗಟ್ಟಿಯಾಗಿ ಹಿಡಿಯುವುದೆಂದು 1955ರಲ್ಲಿ ಬ್ಯೂನೊಕೋರ್ ತೋರಿಸಿಕೊಟ್ಟನು. 1980ರ ದಶಕದಲ್ಲಿ ಪಿಂಗಾಣಿಯು ಹಾಗೆಯೇ ಹಲ್ಲಿನಲ್ಲಿ ನೆಲೆಯಾಗಿ ನಿಂತಿತು. ಕಳಚುವ ವೇಷವು ಕಳಚದ ಮೋರೆಯಾಯಿತು.

ಆದರೆ ಮರೆಮಾಡುವುದು ಏನನ್ನು? ಮನುಸ್ಮೃತಿಯ ಹನ್ನೊಂದನೆಯ ಅಧ್ಯಾಯವು ಕಪ್ಪುಹಲ್ಲನ್ನು ಹಿಂದಿನ ಜನ್ಮದ ಸುರಾಪಾನದ ಕುರುಹೆಂದು ಹೇಳುತ್ತದೆ. ಸುಶ್ರುತನಾದರೋ ಶ್ಯಾವದಂತಕವನ್ನು ಎಂಟು ದಂತರೋಗಗಳಲ್ಲಿ ಒಂದಾಗಿ ಎಣಿಸಿ, ಅದರ ಕಾರಣವನ್ನು ರಕ್ತಪಿತ್ತಗಳಲ್ಲಿ ಹುಡುಕಿದನು. ಕಾರಣ ಸರಿಯೋ ತಪ್ಪೋ, ಹುಡುಕಿದ ಜಾಗವು ಸರಿಯಾದದ್ದು. ಹೆಣ್ಣು ನೋಡಲು ಬಂದವರ ಕಣ್ಣು ಮಾತ್ರ ಇಂದಿಗೂ ಮನುವಿನ ಪಕ್ಷವೇ. ಹಲ್ಲಿನ ಕಲೆಯನ್ನು ಕಂಡೊಡನೆ ಅವರು ಹುಡುಗಿಯ ನಡತೆಯನ್ನೂ ಮನೆತನದ ಶುಚಿಯನ್ನೂ ಅಳೆಯಲು ತೊಡಗುತ್ತಾರೆ.

ಗದಗ ಜಿಲ್ಲೆಯ ಮುಂಡರಗಿಯ ಕಡೆ ಅಂತರ್ಜಲದಲ್ಲಿ ಫ್ಲೋರೈಡಿನ ಅಂಶವು ಹೆಚ್ಚು. ಲೀಟರಿಗೆ ಒಂದು ಮಿಲಿಗ್ರಾಮಿನೊಳಗಿರಬೇಕು, ಬೇರೆ ನೀರಿಲ್ಲದೆಡೆ ಒಂದೂವರೆಯವರೆಗೆ ಸಹಿಸಬಹುದು, ಎಂಬುದು ಸರಕಾರದ ಮಾನದಂಡ. ಮಗುವಿಗೆ ಎಂಟು ವರ್ಷ ತುಂಬುವವರೆಗೆ ಒಸಡಿನೊಳಗೆ ಹಲ್ಲು ಕಟ್ಟಿಕೊಳ್ಳುತ್ತಿರುತ್ತದೆ. ಆಗ ಕುಡಿದ ನೀರು ಕಂದುಗೆರೆಯಾಗಿ ಮುಂದೆ ಹೊರಬೀಳುತ್ತದೆ. ಆ ಕಡೆಯ ಹುಡುಗಿಯೊಬ್ಬಳು ತಡಸಕ್ಕೆ ಸೊಸೆಯಾಗಿ ಬಂದಳೆಂದು ಇಟ್ಟುಕೊಳ್ಳಬಹುದು. ನೆಗೆಣ್ಣಿಯರೆಲ್ಲ ಬಾಯಿತುಂಬ ನಗುವಾಗ ಅವಳ ಕೈ ತಾನಾಗಿ ಸೆರಗಿಗೆ ಹೋಗುತ್ತದೆ. ಅವಳು ಮಾಡಿದ ಅಪರಾಧವೆಂದರೆ ಅವ್ವ ಕೊಟ್ಟ ನೀರನ್ನು ಕುಡಿದದ್ದು. ಆ ಕಲೆಯೇ ಅವಳ ವಿಷಯದಲ್ಲಿ ಸುಳ್ಳು ಹೇಳುತ್ತಿರುವಾಗ, ಅದರ ಮೇಲಿನ ಹೊದಿಕೆಯನ್ನು ಸುಳ್ಳೆನ್ನುವುದು ಅನ್ಯಾಯವು. ಕೇಳಿದವರಿಗೆ ಇಲ್ಲವೆಂದರೆ ಅದು ಸುಳ್ಳು. ಕೇಳದವರಿಗೆ ಡಂಗುರ ಸಾರಬೇಕಾದ ಋಣವು ಅವಳ ಮೇಲಿಲ್ಲ. ಕಲೆಯು ತೆಳುವಾಗಿದ್ದರೆ ವೈದ್ಯರು ಬಿಳಿಚಿಸಿಯೋ ಮೇಲುಮೇಲೆ ಉಜ್ಜಿಯೋ ತೆಗೆಯಬಲ್ಲರು; ಮೊದಲು ಅದನ್ನೇ ಕೇಳತಕ್ಕದ್ದು.

ಅರಳಿಕಾಯಿಯಂಥ ಗಟ್ಟಿ ಹಲ್ಲುಗಳಿದ್ದೂ ಚಿತ್ರನಟನ ನಗೆಯೇ ಬೇಕೆಂದು ತೇಯಿಸಿಕೊಳ್ಳುವ ತರುಣನ ವಿಷಯ ಬೇರೆ. ತೇಯ್ದ ಎನಾಮೆಲು ಮತ್ತೆ ಬೆಳೆಯದು. ಪಿಂಗಾಣಿಯಾದರೂ ಶಾಶ್ವತವಲ್ಲ, ಹತ್ತು ಹದಿನೈದು ವರ್ಷಕ್ಕೆ ಬದಲಿಸಬೇಕಾದೀತು. ಇಪ್ಪತ್ತರಲ್ಲಿ ಹಿಡಿದ ಹವ್ಯಾಸಕ್ಕೆ ಎಪ್ಪತ್ತರ ಮುದುಕನು ತೆರಿಗೆ ಕಟ್ಟುತ್ತಿರಬೇಕು. ಅವನು ಲೋಕಕ್ಕೆ ಮೋಸಮಾಡಿದನೆನ್ನುವಂತಿಲ್ಲ, ಹಲ್ಲಿಗೆ ಮಾಡಿದನು.

ಸೊಸೆಯ ಮಾತಿನಲ್ಲಿ ಇನ್ನೊಂದು ಅಂಶವುಂಟು. ಅವಳ ತವರಿನಲ್ಲಿ ಅಣ್ಣನ ಮಗಳಿಗೆ ಈಗ ಐದು ವರ್ಷ. ಮನೆಗೆ ಬರುವುದು ಅದೇ ಕೊಳವೆಬಾವಿಯ ನೀರು, ಕುದಿಸಿದರೂ ಅದರ ಫ್ಲೋರೈಡು ಹೋಗದು. ಹೊದಿಕೆಗೆಂದು ತೆಗೆದಿಟ್ಟ ಹಣದಲ್ಲಿ ಶುದ್ಧ ನೀರಿನ ಘಟಕದಿಂದ ಆ ಮಗುವಿಗೆ ಎಷ್ಟು ಕೊಡ ನೀರು ಬಂದೀತೆಂಬ ಲೆಕ್ಕವನ್ನು ಸತ್ತೂರಿಗೆ ಹೊರಡುವ ಮುನ್ನವೇ ಮಾಡಬೇಕು, ಏಕೆಂದರೆ ಅವಳಿಗೆ ಎಂಟು ತುಂಬಲು ಇನ್ನು ಮೂರೇ ವರ್ಷ.