ಔಷಧಿ ಎಂಬ ಮಾತು

ನಮ್ಮ ಕಡೆ ತೋಟಕ್ಕೆ ಯಾರೂ ವಿಷ ಹೊಡೆಯುವುದಿಲ್ಲ, ಔಷಧಿ ಹೊಡೆಯುತ್ತಾರೆ. ‘ಇವತ್ತು ಔಷಧಿ ಹೊಡ್ದಿದೀವಿ, ದನ ಬಿಡ್ಬೇಡಿ’ ಎಂದು ಪಕ್ಕದ ತೋಟದವರು ಬೇಲಿಯಾಚೆಯಿಂದ ಕೂಗಿ ಹೇಳುತ್ತಾರೆ. ಯಾರೋ ‘ಔಷಧಿ ಕುಡಿದರು’ ಎಂದು ಸುದ್ದಿ ಬಂದರೆ ಅವರಿಗೆ ಜ್ವರವಿತ್ತೆಂದು ಯಾರೂ ತಿಳಿಯುವುದಿಲ್ಲ, ಕೂಡಲೇ ಜೀಪು ಹೊರಡಿಸುತ್ತಾರೆ. ಸಕಲೇಶಪುರದ ಪಕ್ಕದ ಆನೇಮಹಲ್‌ನಲ್ಲಿ ಬೆಳೆದ ನನಗೆ ಒಂದೇ ಪದ ಹೀಗೆ ಎರಡು ಕಡೆ ದುಡಿಯುವುದು ವಿಚಿತ್ರವಾಗಿ ಕಂಡೇ ಇರಲಿಲ್ಲ. ಎರಡು ವರ್ಷದ ಹಿಂದೆ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಆ ಪದವನ್ನು ನಾನೇ ಬಳಸಿದೆ. ಹಾಗೆ ಬಳಸಿದ್ದು ತಪ್ಪೇ ಎಂಬ ಪ್ರಶ್ನೆಗೆ ಉತ್ತರ ಹುಡುಕುತ್ತ ಇದನ್ನು ಬರೆಯುತ್ತಿದ್ದೇನೆ.

ನಮ್ಮ ದೊಡ್ಡಪ್ಪ ಕಾಫಿ ತೋಟವೊಂದರಲ್ಲಿ ಮೂವತ್ತು ವರ್ಷ ರೈಟರಾಗಿದ್ದವರು. ಆಳುಗಳ ಹಾಜರಿ ಬರೆಯುವುದು, ಗೋಡೌನಿನ ಬೀಗ ನೋಡಿಕೊಳ್ಳುವುದು, ಸ್ಪ್ರೇ ಮಾಡುವವರಿಗೆ ಕೀಟನಾಶಕ ಅಳೆದು ಕೊಡುವುದು ಅವರ ಕೆಲಸ. ಐವತ್ತೈದು ದಾಟಿದ ಮೇಲೆ ಅವರ ಕುತ್ತಿಗೆ ತಾನಾಗಿ ಎಡಕ್ಕೆ ತಿರುಗತೊಡಗಿತು. ನೆಟ್ಟಗೆ ನೋಡಬೇಕೆಂದರೆ ಗಲ್ಲಕ್ಕೆ ಒಂದು ಬೆರಳು ತಾಗಿಸಿಕೊಳ್ಳಬೇಕು. ಬೆರಳು ತೆಗೆದರೆ ಮುಖ ಮತ್ತೆ ಎಡಕ್ಕೆ. ‘ರೈಟ್ರಿಗೆ ಈಗ ಗತ್ತು ಜಾಸ್ತಿ, ಮಾತಾಡ್ಸಿದ್ರೆ ಮೋರೆ ತಿರುಗಿಸ್ತಾರೆ’ ಎಂದು ಆಳುಗಳು ಅಂದುಕೊಂಡರು. ಕೆಲವರು ಗಾಳಿ ಎಂದರು. ಎಣ್ಣೆ, ತಾಯಿತ, ಕುತ್ತಿಗೆ ಪಟ್ಟಿ ಎಲ್ಲ ಮುಗಿದ ಮೇಲೆ ನರರೋಗದ ವೈದ್ಯರೊಬ್ಬರು ಇದಕ್ಕೆ ಸರ್ವೈಕಲ್ ಡಿಸ್ಟೋನಿಯಾ ಎಂದು ಹೆಸರು ಹೇಳಿದರು. ಬೆರಳು ತಾಗಿಸಿದರೆ ಸರಿಹೋಗುವುದು ಕೂಡ ಆ ರೋಗದ್ದೇ ಒಂದು ಗುರುತಂತೆ. ಚಿಕಿತ್ಸೆ ಎಂದರೆ ಕುತ್ತಿಗೆಯ ಸ್ನಾಯುಗಳಿಗೆ ಬೊಟುಲಿನಮ್ ಟಾಕ್ಸಿನ್ ಚುಚ್ಚುವುದು.

ನಿಮ್ಹಾನ್ಸ್ ಸೇರಿದಂತೆ ಬೆಂಗಳೂರಿನ ಹಲವು ಆಸ್ಪತ್ರೆಗಳಲ್ಲಿ ಈ ಚಿಕಿತ್ಸೆ ಸಿಗುತ್ತದೆ. ನಾವು ಹೋದದ್ದು ಎಲ್ಲಿಗೆ ಎಂಬುದು ಇಲ್ಲಿ ಮುಖ್ಯವಲ್ಲ, ಏಕೆಂದರೆ ತಪ್ಪು ಆಸ್ಪತ್ರೆಯದಲ್ಲ. ವೈದ್ಯರು ಇಂಗ್ಲಿಷಿನಲ್ಲಿ ಎಲ್ಲವನ್ನೂ ಬಿಡಿಸಿ ಹೇಳಿದರು. ದೊಡ್ಡಪ್ಪನಿಗೆ ಕನ್ನಡದಲ್ಲಿ ಹೇಳಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸುವುದು ನನ್ನ ಪಾಲಿಗೆ ಬಂತು. ಅನುವಾದದ ಬಗ್ಗೆಯೇ ಪಿಎಚ್.ಡಿ. ಮಾಡುತ್ತಿರುವವಳು ನಾನು. ‘ಟಾಕ್ಸಿನ್’ ಎಂಬಲ್ಲಿಗೆ ಬಂದಾಗ ಒಂದು ಕ್ಷಣ ತಡೆದು, ‘ನರ ಸಡಿಲ ಮಾಡೋ ಔಷಧಿ ದೊಡ್ಡಪ್ಪ’ ಎಂದೆ. ‘ನುಂಗಲು ಕಷ್ಟವಾದರೆ ಕೂಡಲೇ ತಿಳಿಸಬೇಕು’ ಎಂಬ ಸಾಲು ನನ್ನ ಬಾಯಲ್ಲಿ ‘ಗಂಟಲು ಸ್ವಲ್ಪ ಒಣಗಬಹುದು’ ಎಂದಾಯಿತು. ಅವರು ಸಹಿ ಹಾಕಿದರು.

ನಾನು ಮುಚ್ಚಿಟ್ಟದ್ದು ಏನೆಂದು ಓದುಗರಿಗಾದರೂ ಹೇಳಬೇಕು. ಕೆಟ್ಟ ಆಹಾರದಲ್ಲಿ ಬೆಳೆಯುವ ಒಂದು ಬ್ಯಾಕ್ಟೀರಿಯಾ ಉಂಟುಮಾಡುವ ಈ ವಸ್ತು, ಮನುಷ್ಯ ಬಲ್ಲ ವಿಷಗಳಲ್ಲೆಲ್ಲ ಅತಿ ತೀವ್ರವಾದವುಗಳಲ್ಲಿ ಒಂದು. ನರದ ತುದಿಯಿಂದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಹೊರಬಂದರೆ ಸ್ನಾಯು ಬಿಗಿಯುತ್ತದೆ. ಈ ವಿಷ ನರದ ತುದಿಯೊಳಗೆ ಸೇರಿ, ಆ ರಾಸಾಯನಿಕ ಹೊರಬರಲು ಬೇಕಾದ ಪ್ರೋಟೀನೊಂದನ್ನು ಕತ್ತರಿಸಿಬಿಡುತ್ತದೆ. ಸ್ನಾಯುವಿಗೆ ಆಜ್ಞೆ ತಲುಪುವುದೇ ಇಲ್ಲ. ಊಟದ ಮೂಲಕ ಮೈಗೆಲ್ಲ ಹಬ್ಬಿದರೆ ಉಸಿರಾಟದ ಸ್ನಾಯುಗಳೇ ನಿಂತು ಸಾವು ಬರಬಹುದು. ಅದನ್ನೇ ನ್ಯಾನೋಗ್ರಾಮಿನ ಲೆಕ್ಕದಲ್ಲಿ, ಅಂದರೆ ಒಂದು ಗ್ರಾಮಿನ ನೂರು ಕೋಟಿಯಲ್ಲೊಂದು ಭಾಗದ ಲೆಕ್ಕದಲ್ಲಿ, ಬಿಗಿದ ಸ್ನಾಯುವಿಗೆ ಮಾತ್ರ ಚುಚ್ಚಿದರೆ ಆ ಸ್ನಾಯು ಸಡಿಲವಾಗುತ್ತದೆ. ರೋಗ ವಾಸಿಯಾಗುವುದಿಲ್ಲ. ಸುಮಾರು ಮೂರು ತಿಂಗಳಲ್ಲಿ ನರ ಮತ್ತೆ ಚೇತರಿಸಿಕೊಳ್ಳುತ್ತದೆ, ಮತ್ತೆ ಚುಚ್ಚಿಸಿಕೊಳ್ಳಬೇಕು.

ಈ ವಿಷವನ್ನು ಮೊದಲು ವಿವರವಾಗಿ ವರ್ಣಿಸಿದ ಜರ್ಮನಿಯ ಯುಸ್ಟಿನಸ್ ಕೆರ್ನರ್ ವೈದ್ಯನೂ ಹೌದು, ಕವಿಯೂ ಹೌದು. ಕೆಟ್ಟ ಸಾಸೇಜ್ ತಿಂದು ಸತ್ತವರ ಲಕ್ಷಣಗಳನ್ನು ದಾಖಲಿಸಿ, ಅದರ ಸಾರವನ್ನು ತಾನೇ ಸೇವಿಸಿ ನೋಡಿ 1822ರಲ್ಲಿ ಪುಸ್ತಕ ಬರೆದ. ಅತಿಯಾಗಿ ಕೆರಳಿದ ನರಗಳ ರೋಗಕ್ಕೆ ಇದೇ ವಿಷ ಅತ್ಯಲ್ಪ ಪ್ರಮಾಣದಲ್ಲಿ ಮದ್ದಾದೀತು ಎಂಬ ಊಹೆಯೂ ಅವನದೇ. ಅದು ನಿಜವಾಗಲು ಒಂದೂವರೆ ಶತಮಾನ ಬೇಕಾಯಿತು. ಸ್ಯಾನ್ ಫ್ರಾನ್ಸಿಸ್ಕೋದ ಕಣ್ಣಿನ ವೈದ್ಯ ಅಲನ್ ಸ್ಕಾಟ್ ಮೆಳ್ಳೆಗಣ್ಣಿಗೆ ಇದನ್ನು ಬಳಸಿದರು. ಅಮೆರಿಕದ ಎಫ್‌ಡಿಎ ಒಪ್ಪಿಗೆ ಕೊಟ್ಟದ್ದು 1989ರಲ್ಲಿ, ಕುತ್ತಿಗೆಯ ಡಿಸ್ಟೋನಿಯಾಕ್ಕೆ 2000ದಲ್ಲಿ. ಹಣೆಯ ಸುಕ್ಕಿನ ಬೊಟಾಕ್ಸ್ ಎಂದು ಊರೆಲ್ಲ ಮಾತಾಡತೊಡಗಿದ್ದು ಆಮೇಲೆ.

ಊರಿಗೆ ಮರಳಿದ ವಾರಕ್ಕೆ ದೊಡ್ಡಪ್ಪನ ಕುತ್ತಿಗೆ ನೆಟ್ಟಗಾಗತೊಡಗಿತು. ಅದೇ ವಾರ ಅನ್ನ ಗಂಟಲಲ್ಲಿ ಸಿಕ್ಕಿಕೊಳ್ಳತೊಡಗಿತು. ಶೀತವಿರಬೇಕೆಂದು ಅವರು ಕಷಾಯ ಕುಡಿದರು. ಕಡುಬು ಬಿಟ್ಟರು, ಮುದ್ದೆ ಬಿಟ್ಟರು, ಗಂಜಿಗೆ ಇಳಿದರು. ಯಾರಿಗೂ ಹೇಳಲಿಲ್ಲ. ಕುಡಿದ ನೀರು ಮೂಗಿನಲ್ಲಿ ಬಂದ ದಿನ ದೊಡ್ಡಮ್ಮ ಗಾಬರಿಯಿಂದ ನನಗೆ ಫೋನು ಮಾಡಿದರು. ಕುತ್ತಿಗೆಗೆ ಚುಚ್ಚಿದ ವಿಷ ಪಕ್ಕದ ನುಂಗುವ ಸ್ನಾಯುಗಳಿಗೂ ಹಬ್ಬಬಹುದು. ಹಾಗೆ ದೂರಕ್ಕೂ ಹಬ್ಬಬಹುದೆಂದು ಲೇಬಲ್ಲಿನಲ್ಲಿಯೇ ಎಚ್ಚರಿಕೆ ಹಾಕಬೇಕೆಂದು ಎಫ್‌ಡಿಎ 2009ರಲ್ಲಿ ಹೇಳಿದೆ. ವೈದ್ಯರು ನನಗೆ ಹೇಳಿದ್ದೂ ಅದನ್ನೇ. ಅವರಿಗೆ ಫೋನು ಮಾಡಿ, ದೊಡ್ಡಪ್ಪನನ್ನು ಹಾಸನಕ್ಕೆ ಕರೆದೊಯ್ದು ತೋರಿಸಿದೆವು. ಎರಡು ವಾರ ಮೆತ್ತಗಿನ ಊಟ, ಎದ್ದು ಕೂತು ತುತ್ತು ತುತ್ತಾಗಿ ನುಂಗುವುದು. ಆಮೇಲೆ ಸರಿಹೋಯಿತು. ಸರಿಹೋಗದೆಯೂ ಇರಬಹುದಿತ್ತು.

ಆ ದಿನಗಳಲ್ಲಿ ನನ್ನನ್ನು ನಾನು ಸಮರ್ಥಿಸಿಕೊಳ್ಳಲು ಬಹಳ ಯತ್ನಿಸಿದೆ. ವಿಷ ಎಂದಿದ್ದರೆ ಅವರು ಎದ್ದು ಬಂದುಬಿಡುತ್ತಿದ್ದರು, ಕುತ್ತಿಗೆ ಹಾಗೆಯೇ ಉಳಿಯುತ್ತಿತ್ತು ಎಂದುಕೊಂಡೆ. ಈ ವಾದ ಹಗುರದ್ದಲ್ಲ. ಹೆದರಿಕೆ ತಾನೇ ಒಂದು ಕಾಯಿಲೆ, ಮಾತಿನಿಂದ ಅದನ್ನು ಹಚ್ಚುವುದೂ ಹಿಂಸೆಯೇ. ಪುಸ್ತಕದ ನೆರವೂ ನನಗಿತ್ತು. ಸರಿಯಾಗಿ ಬಳಸಿದರೆ ತೀಕ್ಷ್ಣವಾದ ವಿಷವೂ ಮದ್ದು, ತಪ್ಪಾಗಿ ಬಳಸಿದರೆ ಮದ್ದೂ ವಿಷ ಎಂದು ಚರಕಸಂಹಿತೆ ಹೇಳುತ್ತದೆ. ಗ್ರೀಕರ ‘ಫಾರ್ಮಕಾನ್’ ಎಂಬ ಪದಕ್ಕೆ ವಿಷ, ಮದ್ದು ಎರಡೂ ಅರ್ಥವಿರುವುದನ್ನು ನಾವು ತರಗತಿಯಲ್ಲಿ ಪಾಠವಾಗಿ ಓದಿದ್ದೇವೆ. ಹಾಗಿದ್ದರೆ ನಾನು ಹೇಳಿದ್ದು ಸುಳ್ಳು ಹೇಗಾಯಿತು?

ಚರಕನ ಮಾತನ್ನು ಮತ್ತೆ ಯೋಚಿಸಿದಾಗ ನನ್ನ ಸಮರ್ಥನೆ ಕುಸಿಯಿತು. ವಿಷ ಮದ್ದಾಗುವುದು ಹೆಸರು ಬದಲಾಯಿಸುವುದರಿಂದಲ್ಲ, ಅಳತೆಯಿಂದ ಮತ್ತು ನಿಗಾದಿಂದ. ಅಳತೆ ವೈದ್ಯರ ಕೈಯಲ್ಲಿತ್ತು, ಅವರು ಅದನ್ನು ಸರಿಯಾಗಿಯೇ ಮಾಡಿದ್ದರು. ಆದರೆ ಚುಚ್ಚಿದ ಮೇಲೆ ನಿಗಾ ಇಡುವವರು ಯಾರು? ವೈದ್ಯರಿದ್ದದ್ದು ಸುಮಾರು 220 ಕಿಲೋಮೀಟರ್ ದೂರದಲ್ಲಿ, ನಾನಿದ್ದದ್ದು ಹಾಸ್ಟೆಲಿನಲ್ಲಿ. ಆ ವಿಷ ಮೈಯೊಳಗೆ ಏನು ಮಾಡುತ್ತಿದೆ ಎಂದು ನೋಡಬಲ್ಲವರು ದೊಡ್ಡಪ್ಪ ಒಬ್ಬರೇ. ಅವರಿಗೆ ಮಾತ್ರ ಅದು ಏನೆಂದು ಗೊತ್ತಿರಲಿಲ್ಲ. ಹೆಸರು ಮುಚ್ಚಿಟ್ಟು ನಾನು ವಿಷವನ್ನು ಮದ್ದು ಮಾಡಲಿಲ್ಲ, ಅದನ್ನು ಮದ್ದಾಗಿ ಉಳಿಸುವ ಕಾವಲನ್ನೇ ತೆಗೆದುಹಾಕಿದ್ದೆ. ಕೆರ್ನರ್ ತನ್ನ ಮೇಲೆ ಪ್ರಯೋಗ ಮಾಡಿಕೊಂಡಾಗ ಗಂಟಲಿನ ಒಂದೊಂದು ಬದಲಾವಣೆಯನ್ನೂ ಗಮನಿಸಬಲ್ಲವನಾಗಿದ್ದ, ಏಕೆಂದರೆ ತಾನು ನುಂಗಿದ್ದು ಏನೆಂದು ಅವನಿಗೆ ಗೊತ್ತಿತ್ತು.

ಗಂಟಲು ಸರಿಹೋದ ಮೇಲೆ ಒಂದು ಸಂಜೆ ಜಗಲಿಯಲ್ಲಿ ಕೂತು ಎಲ್ಲವನ್ನೂ ಹೇಳಿದೆ. ದೊಡ್ಡಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು.

‘ಗೋಡೌನಲ್ಲಿ ಮೂವತ್ತು ವರ್ಷ ವಿಷ ಅಳ್ದು ಕೊಟ್ಟೋನು ಕಣ್ ಮಗಾ ನಾನು. ಕೆಂಪು ತ್ರಿಕೋನ ಇರೋ ಡಬ್ಬಿ ಯಾವ್ದು, ಹಸಿರು ಯಾವ್ದು ಅಂತ ಓದಕ್ಕೆ ಬರ್ದಿರೋ ಆಳುಗಳ್ಗೆಲ್ಲ ತೋರ್ಸಿ ಹೇಳ್ತಿದ್ದೆ. ನನ್ಗೆ ಹೇಳಕ್ಕೆ ಹೆದ್ರುಕೊಂಡ್ಯಲ್ಲ!’

ನನಗೆ ನಾಚಿಕೆಯಾಯಿತು. ವಿಷವನ್ನು ಔಷಧಿ ಎಂದು ಕರೆಯುವ ಊರಿನಲ್ಲಿ, ಅದು ವಿಷ ಎಂಬುದನ್ನು ಮರೆಯದೆ ಬದುಕಿದವರು ಅವರು. ನಾನು ಕಾಪಾಡಲು ಹೊರಟದ್ದು ಅವರನ್ನಲ್ಲ, ನನ್ನ ಕಲ್ಪನೆಯಲ್ಲಿದ್ದ ಹಳ್ಳಿಯ ಮುದುಕನೊಬ್ಬನನ್ನು. ಅವರ ಮುಖ ತಿರುಗಿದ್ದನ್ನು ಗತ್ತು ಎಂದು ಓದಿದ ಆಳುಗಳಿಗಿಂತ ನನ್ನ ಓದೇನೂ ಮೇಲಾಗಿರಲಿಲ್ಲ.

ಹೆದರಿ ಅವರು ಬೇಡವೆಂದಿದ್ದರೆ? ಆಗಲೂ ಹೇಳಬೇಕಿತ್ತು ಎಂದೇ ಈಗ ಅನ್ನಿಸುತ್ತದೆ. ಹೇಳಿ ಅಲ್ಲಿಗೇ ಬಿಡುವುದಲ್ಲ, ಹೆದರಿಕೆ ಇಳಿಯುವ ತನಕ ಪಕ್ಕದಲ್ಲಿ ಕೂರಬೇಕಿತ್ತು. ನಾನು ಉಳಿಸಿಕೊಂಡದ್ದು ಆ ಅರ್ಧ ಗಂಟೆಯನ್ನು.

ಮುಂದಿನ ಸಲ ದೊಡ್ಡಪ್ಪ ತಾವೇ ವೈದ್ಯರನ್ನು ಕೇಳಿದರು. ಎಷ್ಟು ಯೂನಿಟ್, ಯಾವ ಸ್ನಾಯುವಿಗೆ, ಹೋದ ಸಲಕ್ಕಿಂತ ಎಷ್ಟು ಕಡಿಮೆ ಎಂದು ನಾನು ಸಾಲು ಸಾಲಾಗಿ ಅನುವಾದಿಸಿದೆ. ಅಳತೆ ತಗ್ಗಿತು. ಕುತ್ತಿಗೆ ಮೊದಲಿನಷ್ಟು ನೆಟ್ಟಗಾಗಲಿಲ್ಲ, ಆದರೆ ಕಡುಬು ಇಳಿಯಿತು. ‘ಇಷ್ಟು ಸಾಕು’ ಎಂದು ಅವರೇ ತೀರ್ಮಾನಿಸಿದರು. ಈಗ ಪ್ರತಿ ಸಲ ಊರಿಗೆ ಬಂದ ಮೇಲೆ ಹಳೆಯ ಹಾಜರಿ ಪುಸ್ತಕದ ಖಾಲಿ ಹಾಳೆಗಳಲ್ಲಿ ದಿನಾಂಕ ಹಾಕಿ, ಏನು ತಿಂದೆ, ಹೇಗೆ ನುಂಗಿದೆ ಎಂದು ಬರೆದಿಡುತ್ತಾರೆ. ಮೊದಲ ಹಾಳೆಯ ಮೇಲೆ ಕೆಂಪು ಶಾಯಿಯಲ್ಲಿ ‘ವಿಷ’ ಎಂದು ಬರೆದು ಕೆಳಗೆ ಗೆರೆ ಎಳೆದಿದ್ದಾರೆ.