ನೋವು ತಪ್ಪಿದರೆ ಸಾಕೇ?

ಕರು ಹಾಕದೆ ಹಸು ಹಾಲು ಕೊಡುವುದಿಲ್ಲ. ಎಲ್ಲರಿಗೂ ಗೊತ್ತಿರುವ ಸಂಗತಿ ಇದು. ಇದರ ಮುಂದಿನ ಭಾಗವನ್ನು ಮಾತ್ರ ನಾವು ಅಷ್ಟಾಗಿ ಯೋಚಿಸುವುದಿಲ್ಲ. ಹಾಲು ಬತ್ತುವ ಹೊತ್ತಿಗೆ ಹಸು ಮತ್ತೆ ಗಬ್ಬವಾಗಿರಬೇಕು. ಅದಕ್ಕಾಗಿ ಬೆದೆಗೆ ಬಂದಾಗ ಡಾಕ್ಟರನ್ನು ಕರೆಸಿ ಇಂಜೆಕ್ಷನ್ ಕೊಡಿಸುತ್ತಾರೆ. ಹಾಲು ಕರೆಯುವ ಮುಂಚೆ ಕರುವನ್ನು ಕೆಚ್ಚಲಿಗೆ ಬಿಟ್ಟು, ಹಾಲು ಇಳಿದ ಕೂಡಲೇ ಎಳೆದು ಗೂಟಕ್ಕೆ ಕಟ್ಟುತ್ತಾರೆ. ಹೆಣ್ಣುಗರುವಾದರೆ ಮುಂದೆ ಅದೂ ಕರೆಯುವ ಹಸುವಾಗುತ್ತದೆ. ಗಂಡಾದರೆ? ಹಿಂದೆ ಎತ್ತಾಗಿ ನೊಗ ಹೊರುತ್ತಿತ್ತು. ಉಳುಮೆಗೆ ಟ್ರ್ಯಾಕ್ಟರ್ ಬಂದ ಮೇಲೆ ಅದನ್ನು ಸಾಕುವವರು ಕಡಿಮೆ.

ಈಗ ಒಂದು ಒಳ್ಳೆಯ ಕೊಟ್ಟಿಗೆಯನ್ನು ಊಹಿಸಿಕೊಳ್ಳೋಣ. ಅಲ್ಲಿ ಹೊಡೆತವಿಲ್ಲ, ಹಸಿವಿಲ್ಲ, ಕಾಯಿಲೆಗೆ ಔಷಧಿ ಉಂಟು, ಕರುವಿನ ಪಾಲಿನ ಹಾಲು ಕರುವಿಗೇ. ಆಗಲೂ ತಪ್ಪೇನಾದರೂ ಉಳಿಯುತ್ತದೆಯೇ? ಹಾಲು, ಮೊಟ್ಟೆ ಸೇರಿದಂತೆ ಪ್ರಾಣಿಗಳಿಂದ ಬರುವುದನ್ನೆಲ್ಲ ಬಿಡುವ ವೀಗನ್ ಬದುಕಿನ ಹಿಂದಿರುವ ತತ್ತ್ವ ತಿಳಿಯಬೇಕಾದರೆ ಈ ಪ್ರಶ್ನೆಯಿಂದಲೇ ಹೊರಡಬೇಕು. ಇದಕ್ಕೆ ಎರಡು ದಾರಿಯ ಉತ್ತರಗಳಿವೆ. ಒಂದು ನೋವಿನ ಲೆಕ್ಕ ಕೇಳುತ್ತದೆ, ಇನ್ನೊಂದು ಬಳಕೆಯನ್ನೇ ಪ್ರಶ್ನಿಸುತ್ತದೆ.

ನೋವಿನ ದಾರಿಯನ್ನು ಸ್ಪಷ್ಟವಾಗಿ ತೋರಿಸಿದವನು ಇಂಗ್ಲೆಂಡಿನ ಜೆರೆಮಿ ಬೆಂಥಮ್. ಪ್ರಾಣಿಗಳಿಗೆ ವಿವೇಚನೆ ಇದೆಯೇ, ಮಾತು ಬರುತ್ತದೆಯೇ ಎಂದು ಕೇಳುವುದರಲ್ಲಿ ಅರ್ಥವಿಲ್ಲ, ಅವುಗಳಿಗೆ ನೋವಾಗುತ್ತದೆಯೇ ಎಂದು ಕೇಳಬೇಕು ಎಂಬುದು 1789ರಲ್ಲಿ ಅವನು ಮಂಡಿಸಿದ ವಾದ. 1975ರಲ್ಲಿ ಆಸ್ಟ್ರೇಲಿಯಾದ ಪೀಟರ್ ಸಿಂಗರ್ ‘ಅನಿಮಲ್ ಲಿಬರೇಷನ್’ ಬರೆದು ಅದನ್ನು ನಮ್ಮ ಕಾಲದ ಫಾರಂಗಳ ಬಾಗಿಲಿಗೆ ತಂದರು. ಇಬ್ಬರು ಅನುಭವಿಸುವ ನೋವು ಒಂದೇ ಆಗಿದ್ದರೆ, ಒಬ್ಬರದು ಬೇರೆ ಜೀವಜಾತಿ ಎಂಬ ಒಂದೇ ಕಾರಣಕ್ಕೆ ಆ ನೋವಿನ ತೂಕ ಇಳಿಸಬಾರದು ಎಂದರು. ರೆಕ್ಕೆ ಬಿಚ್ಚಲಾಗದ ತಂತಿಗೂಡಿನಲ್ಲಿ ಆಯುಸ್ಸು ಸವೆಸುವ ಮೊಟ್ಟೆಕೋಳಿಯ ವಿಷಯದಲ್ಲಿ ಈ ವಾದಕ್ಕೆ ಎದುರುತ್ತರವಿಲ್ಲ. ಆದರೆ ನಾವು ಊಹಿಸಿದ ಕೊಟ್ಟಿಗೆಯ ಮುಂದೆ ನೋವಿನ ಲೆಕ್ಕ ತಡವರಿಸುತ್ತದೆ. ನೋವೇ ಇಲ್ಲದಿದ್ದರೆ ದೂರುವುದು ಏನನ್ನು?

ಎರಡನೆಯ ದಾರಿ ಶುರುವಾಗುವುದು ಇಲ್ಲಿಂದ. ಮನುಷ್ಯರನ್ನು ಬರೀ ಸಾಧನವಾಗಿ ಬಳಸಬಾರದು, ಪ್ರತಿಯೊಬ್ಬರೂ ತಮಗೆ ತಾವೇ ಒಂದು ಗುರಿ ಎಂದು 1785ರಲ್ಲಿ ಜರ್ಮನಿಯ ಇಮ್ಯಾನುಯೆಲ್ ಕಾಂಟ್ ಬರೆದಿದ್ದ. ಆದರೆ ವಿವೇಚನೆ ಉಳ್ಳವರಿಗಷ್ಟೇ ಆ ಗೌರವ ಎಂದು ಪ್ರಾಣಿಗಳನ್ನು ಹೊರಗಿಟ್ಟ. ಅಮೆರಿಕದ ಟಾಮ್ ರೇಗನ್ 1983ರಲ್ಲಿ ಆ ಬೇಲಿಯನ್ನೇ ಪ್ರಶ್ನಿಸಿದರು. ಎಳೆಗೂಸಿಗೆ ವಿವೇಚನೆ ಬೆಳೆದಿರುವುದಿಲ್ಲ. ಹಾಗೆಂದು ಅದನ್ನು ನಮ್ಮ ಅನುಕೂಲಕ್ಕೆ ಬಳಸಿಕೊಳ್ಳುತ್ತೇವೆಯೇ? ಹಸುವಿಗೆ ನೆನಪಿದೆ, ಭಯವಿದೆ, ಇಷ್ಟಾನಿಷ್ಟಗಳಿವೆ. ಅದರ ಬದುಕು ಚೆನ್ನಾಗಿ ಸಾಗಿತೋ ಕೆಟ್ಟಿತೋ ಎಂಬುದು ಅದಕ್ಕೇ ತಟ್ಟುವ ಸಂಗತಿ. ಅಂಥ ಜೀವಕ್ಕೆ ಯಾರಿಗೆ ಉಪಯೋಗವಾದರೂ ಆಗದಿದ್ದರೂ ತನ್ನದೇ ಬೆಲೆಯಿದೆ ಎಂದರು ರೇಗನ್. ಈ ನೋಟದಲ್ಲಿ ಒಳ್ಳೆಯ ಕೊಟ್ಟಿಗೆಯ ತಪ್ಪು ಕಾಣತೊಡಗುತ್ತದೆ. ಅಲ್ಲಿ ಹಸು ಯಾವಾಗ ಗಬ್ಬವಾಗಬೇಕು, ಕರು ಎಲ್ಲಿಗೆ ಹೋಗಬೇಕು, ತಾನು ಎಷ್ಟು ವರ್ಷ ಬಾಳಬೇಕು ಎಂಬುದನ್ನೆಲ್ಲ ತೀರ್ಮಾನಿಸುವುದು ನಮಗೆ ಬೇಕಾದ ಹಾಲು.

1944ರಲ್ಲಿ ಇಂಗ್ಲೆಂಡಿನ ಡೊನಾಲ್ಡ್ ವಾಟ್ಸನ್ ಮತ್ತು ಗೆಳೆಯರು ವೀಗನ್ ಸೊಸೈಟಿ ಕಟ್ಟಿದಾಗ ಅವರು ಅದಾಗಲೇ ಸಸ್ಯಾಹಾರಿಗಳು. ಹಾಲನ್ನೂ ಮೊಟ್ಟೆಯನ್ನೂ ಬಿಡಬೇಕೇ ಎಂಬುದೇ ಅವರ ಮುಂದಿದ್ದ ಪ್ರಶ್ನೆ. ಬಳಕೆಯೇ ಪ್ರಶ್ನೆಯಾದ ಮೇಲೆ ಜೇನು, ರೇಷ್ಮೆ, ಉಣ್ಣೆ, ಚರ್ಮಗಳೂ ಈ ವಿಚಾರದೊಳಗೆ ಬರುತ್ತವೆ.

ಹಾಗಾದರೆ ಉಳುವಾಗ ಹುಳ ಸಾಯುವುದಿಲ್ಲವೇ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಇದಕ್ಕೆ ಒಳ್ಳೆಯ ಉತ್ತರ ಜೈನರಲ್ಲಿದೆ. ಬೇಕೆಂದೇ ಮಾಡುವ ಸಂಕಲ್ಪ ಹಿಂಸೆ ಬೇರೆ. ಅಡುಗೆ, ಮನೆಗೆಲಸ, ಬೇಸಾಯಗಳಲ್ಲಿ ತಪ್ಪಿಸಲಾಗದೆ ನಡೆದುಹೋಗುವ ಹಿಂಸೆ ಬೇರೆ. ಗೃಹಸ್ಥನು ಮೊದಲನೆಯದನ್ನು ಪೂರ್ತಿ ಬಿಡಬೇಕು, ಎರಡನೆಯದನ್ನು ಆದಷ್ಟು ಕಡಿಮೆ ಮಾಡಬೇಕು. ಸಂಕಲ್ಪಕ್ಕೆ ಎಷ್ಟು ಭಾರವಿದೆ ಎಂಬುದನ್ನು ಜನ್ನ 1209ರ ‘ಯಶೋಧರ ಚರಿತೆ’ಯಲ್ಲಿ ತೋರಿಸಿದ್ದಾನೆ. ಅಲ್ಲಿ ತಾಯಿಯ ಒತ್ತಾಯಕ್ಕೆ ಮಣಿದು ರಾಜ ಬಲಿ ಕೊಡುವುದು ಹಿಟ್ಟಿನಿಂದ ಮಾಡಿದ ಕೋಳಿಯನ್ನು. ಆದರೂ ತಾಯಿ ಮಗ ಇಬ್ಬರೂ ಪ್ರಾಣಿಗಳಾಗಿ ಹುಟ್ಟಿ ಹುಟ್ಟಿ ನರಳುತ್ತಾರೆ. ಜೈನ ಸಂಪ್ರದಾಯ ಹಾಲನ್ನು ನಿಷೇಧಿಸಿಲ್ಲ, ನಿಜ. ಆದರೆ ತಪ್ಪಿಸಬಹುದಾದ ಹಿಂಸೆಯನ್ನು ತಪ್ಪಿಸಲಾಗದ ಹಿಂಸೆಯ ಮರೆಯಲ್ಲಿ ಬಚ್ಚಿಡಬಾರದೆಂಬ ಅದರ ವಿವೇಕ ವೀಗನ್ ವಿಚಾರಕ್ಕೂ ಬೆನ್ನೆಲುಬು.

ನಮ್ಮಲ್ಲಿ ಇನ್ನೊಂದು ಮಾತನ್ನು ಬಿಡಿಸಿ ಹೇಳಬೇಕು. ಇಲ್ಲಿ ಸಸ್ಯಾಹಾರಕ್ಕೆ ಮಡಿಯೂ ಜಾತಿಯೂ ಅಂಟಿಕೊಂಡಿವೆ. ಉಣ್ಣುವವರ ಶುದ್ಧಿ ವೀಗನ್ ತತ್ತ್ವದ ಕಾಳಜಿಯಲ್ಲ. ಅದು ವಿಚಾರಿಸುವುದು ಬಳಕೆಯಾದ ಜೀವದ ಪಾಡನ್ನು. ತುಪ್ಪ ಹಾಕಿಕೊಂಡು ಹೋಳಿಗೆ ತಿನ್ನುವವರೂ ಬಾಡೂಟ ಉಣ್ಣುವವರೂ ಈ ಪ್ರಶ್ನೆಯ ಮುಂದೆ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಬತ್ತಿದ ಹಸುವಿನ, ಬೇಡವಾದ ಗಂಡುಗರುವಿನ ಹೊಣೆಯನ್ನು ಹಾಲು ಕುಡಿದವರು ಹೊತ್ತಿಲ್ಲವಾದ್ದರಿಂದ ಮಾಂಸ ತಿನ್ನುವವರನ್ನು ಕೀಳಾಗಿ ಕಾಣುವ ಹಕ್ಕು ಅವರಿಗಿಲ್ಲ.

ಅಡುಗೆಮನೆಯ ಮಟ್ಟಿಗೆ ಇದು ದೂರದ ಮಾತಲ್ಲ. ರಾಗಿಮುದ್ದೆ, ಹುರುಳಿಸಾರು, ಸೊಪ್ಪಿನ ಪಲ್ಯ, ಅಕ್ಕಿರೊಟ್ಟಿಗಳಿಗೆ ಹಾಲು ಬೇಕಿಲ್ಲ. ಕಷ್ಟವಾಗುವುದು ಊಟದ ಕೊನೆಗೆ, ಮೊಸರನ್ನಕ್ಕೆ. ಕಡಲೆಕಾಯಿ ಬೀಜವನ್ನು ರಾತ್ರಿ ನೆನೆಹಾಕಿ, ನುಣ್ಣಗೆ ರುಬ್ಬಿ, ಬಟ್ಟೆಯಲ್ಲಿ ಸೋಸಿ, ಆ ಹಾಲನ್ನು ಕುದಿಸಿ ಆರಿಸಿ, ಉಗುರುಬೆಚ್ಚಗಿರುವಾಗ ಹಸಿಮೆಣಸಿನಕಾಯಿಯ ತೊಟ್ಟುಗಳನ್ನು ಹಾಕಿ ಮುಚ್ಚಿಟ್ಟರೆ ಹೆಪ್ಪಾಗುತ್ತದೆ. ಮೊದಲ ಸಲ ತೆಳುವಾಗಬಹುದು. ಅದನ್ನೇ ಹೆಪ್ಪಿಗೆ ಹಾಕಿದರೆ ಮುಂದಿನದು ಗಟ್ಟಿಯಾಗುತ್ತದೆ. ಬಿ12 ಜೀವಸತ್ವ ಮಾತ್ರ ಸಸ್ಯಗಳಿಂದ ಸಿಗುವುದಿಲ್ಲ. ಅದಕ್ಕೆ ಮಾತ್ರೆಯನ್ನೋ ಬಿ12 ಬೆರೆಸಿದ ಆಹಾರವನ್ನೋ ತಪ್ಪದೆ ತೆಗೆದುಕೊಳ್ಳಬೇಕು.

ಆದರೂ ಎಲ್ಲರ ಮೇಲೂ ಇದರ ಹೊಣೆ ಒಂದೇ ಸಮ ಬೀಳುವುದಿಲ್ಲ. ಡೇರಿಯ ಬಟವಾಡೆ ಬಂದರೇ ಮಕ್ಕಳ ಫೀಸು, ಸಂಘದ ಸಾಲದ ಕಂತು ಕಟ್ಟಬಲ್ಲ ಹೆಣ್ಣುಮಗಳನ್ನು ಮೊದಲು ನಿಲ್ಲಿಸಿ ಕೇಳುವುದು ಅನ್ಯಾಯ. ಸಾಧ್ಯವಾದಷ್ಟು, ಕಾರ್ಯಸಾಧ್ಯವಾದಷ್ಟು ಎಂಬ ಮಿತಿಯನ್ನು ವೀಗನ್ ಸೊಸೈಟಿಯೇ ತನ್ನ ವ್ಯಾಖ್ಯೆಯಲ್ಲಿ ಇಟ್ಟುಕೊಂಡಿದೆ. ಆ ಮಿತಿಯನ್ನು ಪ್ರಾಮಾಣಿಕವಾಗಿ ಓದಿದರೆ, ಹತ್ತು ಬಗೆಯ ಊಟದಲ್ಲಿ ಬೇಕಾದ್ದನ್ನು ಆರಿಸಿಕೊಳ್ಳಬಲ್ಲ ನಮ್ಮಂಥವರ ಮೇಲೆಯೇ ಭಾರ ಹೆಚ್ಚು. ಆಯ್ಕೆ ಇದ್ದೂ ಬರೀ ರೂಢಿಗಾಗಿ ಇನ್ನೊಂದು ಜೀವವನ್ನು ಸಾಧನವಾಗಿಸುತ್ತಿದ್ದೇವೆಯೇ? ಇದಕ್ಕೆ ಮೊದಲು ಉತ್ತರ ಕೊಡಬೇಕಾದವರು ನಾವೇ.