ಹಳೆಯ ಸಂಕ, ಹೊಸ ಸಂಕ

ಮಲೆನಾಡಿನವರಿಗೆ ಸಂಕ ಗೊತ್ತು. ಹಳ್ಳಕ್ಕೆ ಅಡ್ಡಲಾಗಿ ಅಡಿಕೆ ಮರ ಹಾಸಿ ಮಾಡಿದ ಕಾಲುದಾರಿ. ನಮ್ಮ ಹೆಗ್ಗೋಡಿನ ಕಡೆ ಅದು ಲಡ್ಡಾದರೆ ಮೊದಲೇ ಕಿತ್ತುಹಾಕುವುದಿಲ್ಲ. ಪಕ್ಕದಲ್ಲಿ ಹೊಸದನ್ನು ಹಾಕಿ, ಬರಿಗೈಯಲ್ಲಿ ದಾಟಿ, ಆಮೇಲೆ ಹೊರೆ ಹೊತ್ತು ದಾಟಿ, ಕೊನೆಗೆ ಹಳೆಯದನ್ನು ತೆಗೆಯುವುದು. ಇದು ಬರೀ ಜಾಣತನವೋ, ಧರ್ಮವೋ?

ನಮ್ಮ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದರು. 1974ರ ಭೂಸುಧಾರಣೆಯ ನಂತರ ಎಷ್ಟೋ ಗೇಣಿದಾರರ ಹೆಸರು ಒಡೆಯರಾಗಿ ಪಹಣಿಗೆ ಏರಿತು. ಆ ಒಂದು ಸಾಲಿನ ಹಿಂದೆ ಎಷ್ಟು ಜನರ ಬೆವರು! 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆ ಬಂದು, ಕೈಬರಹದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಸೇರಿದವು.

ಸೇರಿದ ಮೇಲೂ ಕೆಲಸ ಮುಗಿಯದು. ಆ ಹೆಸರುಗಳನ್ನು ಹೊತ್ತು ಕೂತ ಸರ್ವರಿನ ತಂತ್ರಾಂಶ ಹಳತಾಗುತ್ತದೆ. ಅದರ ಲೋಪ ತಿದ್ದುವುದನ್ನು ತಯಾರಕರು ನಿಲ್ಲಿಸಿದ ಮೇಲೂ ಹಾಗೇ ಬಿಟ್ಟರೆ ಕಳ್ಳರಿಗೆ ಬಾಗಿಲು ತೆರೆದಂತೆ. ಬದಲಿಸಲೇಬೇಕು. ಅದಕ್ಕೆ ಮೊದಲು ಎಲ್ಲವನ್ನೂ ನಕಲು ಮಾಡಿ ಬೇರೆಡೆ ಇಡಬೇಕು. ಇಟ್ಟರೆ ಸಾಲದು, ಆ ನಕಲಿನಿಂದ ಎಲ್ಲವೂ ಮರಳಿ ಬರುತ್ತದೆಯೇ ಎಂದು ನೋಡಬೇಕು. ತೆರೆಯದ ಭರಣಿಯ ಉಪ್ಪಿನಕಾಯಿ ಚೆನ್ನಾಗಿದೆಯೆಂದು ಹೇಗೆ ಹೇಳುತ್ತೀರಿ? ಬದಲಾವಣೆಯ ತಾಲೀಮು ಮೊದಲು ನಕಲಿನ ಮೇಲೆ ನಡೆಯಬೇಕು. 1949ರಿಂದ ನೀನಾಸಂ ಇರುವ ಊರಿಗೆ ತಾಲೀಮಿನ ಬೆಲೆ ಹೇಳಬೇಕಿಲ್ಲ. ಎಷ್ಟು ಹೊತ್ತಿನೊಳಗೆ ಸರಿಹೋಗದಿದ್ದರೆ ಹಿಂದಿರುಗುವುದೆಂದು ಮೊದಲೇ ನಿಶ್ಚಯಿಸಿರಬೇಕು. ಹೊಸದರಲ್ಲಿ ಜನರ ನಮೂದುಗಳು ಬೀಳತೊಡಗಿದ ಮೇಲೆ ಹಳೆಯದಕ್ಕೆ ಹೋದರೆ ಅವು ಅಲ್ಲಿ ಇರುವುದಿಲ್ಲ.

ಶಾಲೆಯ ದಾಖಲಾತಿ ಪುಸ್ತಕ ಹರಿದಾಗ ನಾವೂ ಹೊಸದಕ್ಕೆ ಇಳಿಸುತ್ತೇವೆ. ಒಬ್ಬರು ಓದುತ್ತಾರೆ, ಒಬ್ಬರು ಬರೆಯುತ್ತಾರೆ, ಇನ್ನೊಬ್ಬರು ತಾಳೆ ನೋಡುತ್ತಾರೆ. ಹಳೆಯದರಲ್ಲಿ ತಪ್ಪು ಕಂಡರೂ ಆಗಲೇ ತಿದ್ದುವಂತಿಲ್ಲ. ಮೊದಲು ಇದ್ದಂತೆ ಸಾಗಿಸಬೇಕು, ತಿದ್ದುಪಡಿ ಆಮೇಲೆ. ಎರಡನ್ನೂ ಒಟ್ಟಿಗೆ ಮಾಡಿದರೆ ವ್ಯತ್ಯಾಸ ಎಲ್ಲಿಂದ ಬಂತೆಂದೇ ತಿಳಿಯದು.

ಇಷ್ಟೆಲ್ಲ ತಾಳ್ಮೆ ಏಕೆ? ದಾಖಲೆ ಇಟ್ಟುಕೊಂಡವರು ಅದರ ಒಡೆಯರಲ್ಲ, ಕಾವಲುಗಾರರು. ನನ್ನ ಒಡವೆಯನ್ನು ನಾನು ಪಣಕ್ಕಿಡಬಹುದು. ನೆರೆಯಾಕೆ ನಂಬಿ ಕೊಟ್ಟುಹೋದ ಒಡವೆಯನ್ನು ಇಡಬಹುದೇ? ಗಂಡನನ್ನು ಕಳೆದುಕೊಂಡು, ಪಹಣಿಗಾಗಿ ನಾಡಕಚೇರಿಯ ಸರದಿಯಲ್ಲಿ ನಿಂತ ಹೆಂಗಸಿಗೆ ನಿನ್ನೆ ರಾತ್ರಿ ಸರ್ವರ್ ಬದಲಾಯಿತೆಂದು ಗೊತ್ತಿರುವುದಿಲ್ಲ. ಗೊತ್ತಾಗದಂತೆಯೇ ಅವಳ ಹೆಸರು ಅಲ್ಲಿ ಉಳಿದಿದ್ದರೆ, ಯಾರೋ ತಮ್ಮ ಕೆಲಸವನ್ನು ಧರ್ಮದಿಂದ ಮಾಡಿದ್ದಾರೆ ಎಂದೇ ಅರ್ಥ.